ಒಳಗವ್ನೆ

ನಾಲ್ಕನೇ ಜ್ವರ ಎದ್ದ ಹುಳುವಿಗೆ
ರಾತ್ರಿ ಹನ್ನೊಂದರ ಸೊಪ್ಪು ಹಾಕಿ
ಲಾಟೀನು ತಗ್ಗಿಸಿದರೆ
ಮನೆ ತುಂಬ ಸದ್ದು.
ಮಳೆಯ ಹಾಗೆ ಎನ್ನುತ್ತಾರೆ ಎಲ್ಲರೂ.
ನಮ್ಮ ಗಂಗುಲಪ್ಪ ಚಿಕ್ಕಪ್ಪ ಮಾತ್ರ
ಸಿಗಡಿ ಅನ್ನುತ್ತಿದ್ದ.

ಮಳ್ಳೂರಿನಲ್ಲಿ ಸಿಗಡಿ ಕಂಡವರು ಯಾರು?
ಸಮುದ್ರವೆಂದರೆ ನಮಗೆ
ಉಪ್ಪಿನ ಚೀಲದ ಮೇಲಿನ ನೀಲಿ ಚಿತ್ರ.
ದಡದ ಹತ್ತಿರದ ತಗ್ಗು ನೀರಿನಲ್ಲಿ
ಲಕ್ಷ ಸಿಗಡಿ ಒಟ್ಟಿಗೇ
ಚಿಟಿಕೆ ಹೊಡೆಯುತ್ತವಂತೆ,
ಹೆಡ್‌ಫೋನಿನಲ್ಲಿ ಕೇಳಿದರೆ
ಥೇಟು ನಮ್ಮ ಹುಳುಮನೆಯಂತೆ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ
ಮೂವರು ಕೂರುವ ವಿಮಾನದ ಹಿಂದಿನ ಸೀಟು ಅವನದು.
ಒಬ್ಬ ಹಾರಿಸುವವನು, ಒಬ್ಬ ನಕ್ಷೆ ನೋಡುವವನು,
ಚಿಕ್ಕಪ್ಪ ಕಿವಿ.
ಅಲೆ ಮುಟ್ಟುವಷ್ಟು ಕೆಳಗೆ ಹಾರಿ
ತೇಲುಬುಂಡೆಗಳನ್ನು ಬಿತ್ತುತ್ತ ಹೋಗುವುದು,
ರಾಗಿಯ ನಡುವೆ ಅವರೆಯ ಅಕ್ಕಡಿ ಬಿಟ್ಟ ಹಾಗೆ.
ಬುಂಡೆಯ ಕೆಳಗೆ ದಾರ, ದಾರದ ತುದಿಗೆ ಇನ್ನೊಂದು ಕಿವಿ.
ಆಮೇಲೆ ಸುತ್ತು. ಸುತ್ತುತ್ತಲೇ ಕೇಳುವುದು.
ಮೀನುದೋಣಿಯ ಮೋಟರು ಬೇರೆ,
ತಿಮಿಂಗಿಲದ ನರಳಾಟ ಬೇರೆ.
ಬೇಕಾದದ್ದು, ಸಿಗಡಿಯ ಗದ್ದಲದ ಅಡಿಗೆ
ಉಸಿರು ಬಿಗಿಹಿಡಿದು ಯಾರೋ ನಡೆಯುವ ಸದ್ದು.

ರಿಟೈರಾಗಿ ಬಂದಾಗ ಊರು ಬಿಡಲಿಲ್ಲ.
ನೀರಿನೊಳಗಿನ ಹಡಗು ಹುಡುಕಿದವನಿಗೆ
ನೆಲದೊಳಗಿನ ನೀರು ಸಿಗದೆ?
ಪಿಳ್ಳಾಂಜಿನಪ್ಪನ ಹೊಲದಲ್ಲಿ
ಅಂಗೈ ಮೇಲೆ ತೆಂಗಿನಕಾಯಿ ಇಟ್ಟರು,
ಬೋರ್‌ವೆಲ್ ಲಾರಿ ಕಾದು ನಿಂತಿತ್ತು.
ಕಾಯಿ ಪಕ್ಕಕ್ಕಿಟ್ಟು, ಬೋರಲು ಮಲಗಿ
ಮಣ್ಣಿಗೆ ಕಿವಿಯಾನಿಸಿದ ಬಹಳ ಹೊತ್ತು.
ಎದ್ದು, ಕೆನ್ನೆ ಒರೆಸಿಕೊಂಡು,
"ಯಾರೂ ಇಲ್ಲ" ಅಂದ.
ವರ್ಷಗಟ್ಟಲೆ ನಕ್ಕಿತು ಊರು. ನಾನೂ.

ಆ ಒಂದು ರಾತ್ರಿಯದನ್ನು
ಪೂರ್ತಿ ಹೇಳಿದ್ದೇ ಇಲ್ಲ.
ಸೊಪ್ಪು ಕತ್ತರಿಸುವಾಗ ಒಂದು ತುಣುಕು,
ಚಂದ್ರಿಕೆಗೆ ಹುಳು ಬಿಡುವಾಗ ಇನ್ನೊಂದು.
ಐದನೇ ಬುಂಡೆಯಲ್ಲಿ ಸಿಕ್ಕಿತಂತೆ.
ಇವನೇ ಹೇಳಿದ್ದಂತೆ, "ಇಲ್ಲೇ."
ಬಿದ್ದವು. ನೀರು ಗುಡ್ಡದ ಹಾಗೆ ಎದ್ದು ಕೂತಿತು.
ಮತ್ತೆ ಕಿವಿಗೊಟ್ಟರೆ ಸಿಗಡಿಯೂ ಇಲ್ಲ.
ಬೆಳಗ್ಗೆ ಹೋದವರು ಎಣ್ಣೆಯ ಕಲೆ ಕಂಡೆವೆಂದರು,
ಎಂದೋ ಮುಳುಗಿದ್ದ ಹಡಗಿನದಿರಬೇಕು ಎಂದರು ಮೇಲಿನವರು,
ಕಾಗದದಲ್ಲಿ ಬರೆದದ್ದು: ಬಹುಶಃ.
"ಬಹುಶಃ ಅಂದ್ರೆ ಎಷ್ಟು ಜನ?"
ನನ್ನನ್ನೇ ಕೇಳಿದ ಒಮ್ಮೆ. ನಾನಾಗ ಏಳನೇ ಕ್ಲಾಸು.
ಬಾಯಲ್ಲಿ ಹುರಿಗಡಲೆ ಇತ್ತು.

ಗೂಡು ಬಿಡಿಸುವ ದಿನ
ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸುತ್ತಿದ್ದ.
ಹುಳು ಕೋಶವಾಗಿದ್ದರೆ ಒಳಗೆ ಲಟಲಟ.
ಎಲ್ಲರೂ ನೋಡುವುದು ಹಾಗೇ, "ಆಗೈತೆ" ಎನ್ನುತ್ತಾರೆ.
ಚಿಕ್ಕಪ್ಪ ಎನ್ನುತ್ತಿದ್ದದ್ದು "ಒಳಗವ್ನೆ."
ಒಳಗವ್ನೆ. ಒಳಗವ್ನೆ. ಇವ್ನೂ ಅವ್ನೆ.
ಆಮೇಲೆ ಚೀಲ, ಶಿಡ್ಲಘಟ್ಟದ ಮಾರುಕಟ್ಟೆ,
ರೀಲರ್ ಜಬ್ಬಾರ್ ಸಾಬರ ಕುದಿಯುವ ಬಾಣಲೆ,
ಓಣಿ ತುಂಬ ಬೆಂದ ಹುಳುವಿನ ವಾಸನೆ.
ಅಲ್ಲಿಗೆ ಅವನು ಬರುತ್ತಿರಲಿಲ್ಲ.
ಸಂಜೆ ಲೆಕ್ಕ ಕೇಳುತ್ತಿದ್ದ,
ಕೆ.ಜಿ.ಗೆ ಎಷ್ಟು ರೂಪಾಯಿ ಎಂದಲ್ಲ,
ಕೆ.ಜಿ.ಗೆ ಎಷ್ಟು ಗೂಡು ಎಂದು.

ಬೆಳೆಗೊಂದು ಗೂಡು ಕದಿಯುತ್ತಿದ್ದ.
ಪೌಡರ್ ಡಬ್ಬದ ಮುಚ್ಚಳದಲ್ಲಿಟ್ಟು
ಕಿಟಕಿಯ ಬಳಿ ಹತ್ತು ಹನ್ನೆರಡು ದಿನ ಕಾವಲು.
ತುದಿ ಒದ್ದೆಯಾಗಿ, ಕಂದಿ,
ಬಿಳಿಯ ತಲೆಯೊಂದು ತಳ್ಳಿಕೊಂಡು ಬರುವಾಗ
"ಮ್ಯಾಕೆ ಬಾರಪ್ಪ" ಎಂದು ಕರೆಯುತ್ತಿದ್ದ.
ರೇಷ್ಮೆಚಿಟ್ಟೆಗೆ ರೆಕ್ಕೆಯಿದೆ, ಹಾರಲು ಬಾರದು.
ಮುಚ್ಚಳದ ಅಂಚಿನಲ್ಲೇ ನಡುಗುತ್ತ ಸುತ್ತುತ್ತಿತ್ತು.
ತೂತುಗೂಡಿಗೆ ಕಾಸು ಕೊಡೋರು ಯಾರು ಎಂದು ಅಜ್ಜಿ ಬೈದರೆ
ಅವನು ಇದ್ದಿಲು ಹುಡುಕಿ
ಗೋಡೆಯ ಮೇಲೊಂದು ಗೆರೆ ಎಳೆಯುತ್ತಿದ್ದ.

ಮೊನ್ನೆ ಸುಣ್ಣ ಬಳಿಯಲು ಬಂದ ಹುಡುಗ
ಗೆರೆಗಳನ್ನು ನೋಡಿ ಕೇಳಿದ,
ಹಾಲಿನ ಲೆಕ್ಕವಾ ಅಕ್ಕ?
ಹೂಂ, ಬಳಿ ಎಂದೆ.
ಬ್ರಷ್ಷು ಅದ್ದಿದ ಮೇಲೆ
ಬೇಡ ಇರು ಎಂದೆ.